ಉಪ್ಪಿಲ್ಲದ ವಾರ್ಡು

ಮಗಳು ಯಾವ ಕೆಲಸದಲ್ಲೂ ನಿಲ್ಲುವುದಿಲ್ಲ ಎಂಬುದು ಆ ಮನೆಯ ಹಳೆಯ ಚಿಂತೆ. ಫೋನಿನ ಅಂಗಡಿಗೆ ಸೇರಿದಳು, ದಿನವಿಡೀ ಗಾಜು ಒರೆಸುವುದೇ ಆಯಿತೆಂದು ಬಿಟ್ಟಳು. ಬಟ್ಟೆ ಅಂಗಡಿಗೆ ಸೇರಿದಳು, ಗಿರಾಕಿಗಳು ಬಿಡಿಸಿದ್ದನ್ನು ಮಡಿಸಿ ಮಡಿಸಿ ಸಾಕಾಯಿತೆಂದು ಬಿಟ್ಟಳು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಚೀಟಿ ಬರೆಯಲು ಕುಳಿತಳು, ಬರುವವರೆಲ್ಲ ಕೆನ್ನೆ ಹಿಡಿದುಕೊಂಡೇ ಬರುತ್ತಾರೆಂದು ಅದನ್ನೂ ಬಿಟ್ಟಳು. ಅಪ್ಪ ಅವಳಿಗೆ ಗಾಳಿಪಟ ಎಂದು ಹೆಸರಿಟ್ಟಿದ್ದ. ಅಜ್ಜಿ ಮಾತ್ರ, "ದಾರ ಹಿಡಿಯೋರು ಸರಿ ಇಲ್ಲ" ಎಂದು ಸೊಸೆಯ ಕಡೆ ನೋಡುತ್ತಿದ್ದಳು.

ಕೊನೆಗೆ ಅಮ್ಮನೇ ತನ್ನ ಆಸ್ಪತ್ರೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಅವಳನ್ನು ಸೇರಿಸಿದಳು. ಅಡುಗೆಮನೆ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅಲ್ಲಿ ಅಮ್ಮನಿಗೆ ಒಂದು ಪ್ರತ್ಯೇಕ ಒಲೆ: ಮೂತ್ರಪಿಂಡ ಕೆಟ್ಟವರ ವಾರ್ಡಿಗೆ ಉಪ್ಪಿಲ್ಲದ ಅಡುಗೆ. ಬೇಯಿಸಿದ ಅನ್ನ, ಬೇಯಿಸಿದ ತರಕಾರಿ, ತಿಳಿ ಸೂಪು. ಮಗಳು ಹುಟ್ಟುವ ಮೊದಲಿನಿಂದಲೂ ಅಮ್ಮ ಅದನ್ನೇ ಬೇಯಿಸುತ್ತಿದ್ದಳು. ಪಾತ್ರೆ ಇಡುವುದು, ಇಳಿಸುವುದು, ಊಟದ ಗಾಡಿ ತಳ್ಳುವವನ ಕೈಗೆ ಒಪ್ಪಿಸುವುದು, ಆಮೇಲೆ ಕೈ ತೊಳೆದು ಬಾಗಿಲ ಪಕ್ಕ ಬಸ್ಸಿನ ಹೊತ್ತಿಗೆ ಕಾಯುವುದು. ಒಂದು ದಿನವೂ ಮೇಲಿನ ವಾರ್ಡಿಗೆ ಹತ್ತಿ ಹೋದವಳಲ್ಲ. ಸಂಜೆ ಮನೆಗೆ ಬಂದರೆ ಒಲೆಯ ಮುಖ ನೋಡಲು ಅವಳಿಗೆ ಮನಸ್ಸಿರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಳೆಯ ಬಟ್ಟೆ ರಿಪೇರಿ ಮಾಡುತ್ತಿದ್ದ ಅಪ್ಪನೇ ಮನೆಯ ಅಡುಗೆಯನ್ನೂ ಮಾಡುತ್ತಿದ್ದ.

"ಅಲ್ಲಾದರೂ ಬಾಯಿ ಮುಚ್ಕೊಂಡು ಇರು" ಎಂದಳು ಅಮ್ಮ, ಮೊದಲ ದಿನ ಬಸ್ಸಿನಲ್ಲಿ. "ತಟ್ಟೆ ಬರುತ್ತೆ, ತೊಳಿ. ಅಷ್ಟೇ ಕೆಲಸ."

ಗಾಳಿಪಟ ಅಷ್ಟೇ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೊದಲ ವಾರ ಕಳೆಯುವುದರೊಳಗೆ ಒಂದು ಸಂಜೆ ಊಟಕ್ಕೆ ಕುಳಿತಾಗ ಅವಳು ಕೇಳಿದಳು.

"ಅಮ್ಮ, ನಿನ್ನ ಅಡುಗೆ ಯಾರೂ ತಿನ್ನಲ್ಲ. ಗೊತ್ತಾ ನಿಂಗೆ?"

ಅಮ್ಮನ ಕೈ ತುತ್ತಿನ ಮೇಲೇ ನಿಂತಿತು. "ಏನಂದೆ?"

"ಬೇರೆ ವಾರ್ಡಿನ ತಟ್ಟೆ ಖಾಲಿ ಬರುತ್ತೆ. ನಿನ್ನ ವಾರ್ಡಿಂದು ಹೋದ ಹಾಗೇ ವಾಪಸ್ ಬರುತ್ತೆ. ಬಕೆಟ್ಟಿಗೆ ಸುರಿದು ಸುರಿದು ನನಗೇ ಬೇಜಾರಾಯ್ತು."

"ಉಪ್ಪಿಲ್ಲದ ಊಟ ಕಣೇ ಅದು. ಯಾರು ಬಾಯಿ ಚಪ್ಪರಿಸ್ತಾರೆ? ರೋಗಿಗಳು ಅವರು, ಬೀಗರಲ್ಲ."

"ರೋಗಿಗಳಿಗೇ ಅಲ್ವಾ ಜಾಸ್ತಿ ಬೇಕಾಗಿರೋದು?"

ಅಪ್ಪ ಮಧ್ಯೆ ಬಂದ. "ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ?"

"ನಿಮ್ಮ ಅನ್ನ ಬೇಡ" ಎಂದಳು ಅಮ್ಮ. "ನಿನ್ನೆ ಮೊನ್ನೆ ಬಂದೋಳು ನನಗೆ ಅಡುಗೆ ಹೇಳಿಕೊಡ್ತಾಳೆ."

ಹಲ್ಲಿಲ್ಲದ ಬಾಯಲ್ಲಿ ಅನ್ನ ನಿಧಾನವಾಗಿ ಹೊರಳಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು. "ಮದುವೆಯಾದ ಹೊಸತರಲ್ಲಿ ನಿನ್ನ ಕೈ ಅಡುಗೆಗೆ ನನ್ನ ಮಗ ತಟ್ಟೆ ನೆಕ್ತಿದ್ದ. ಆಮೇಲೆ ಎಲ್ಲಿಗೆ ಹೋಯ್ತೋ ಆ ಕೈ."

ಅಮ್ಮ ಎದ್ದು ಕೈ ತೊಳೆದಳು.

ಮುಂದಿನ ವಾರಗಳಲ್ಲಿ ಆ ಮನೆಯವರು ಹಿಂದೆಂದೂ ಕಾಣದ ಗಾಳಿಪಟವನ್ನು ಕಂಡರು. ಕೂಗಿ ಎಬ್ಬಿಸಿದರೂ ಏಳದವಳು ಅಮ್ಮನಿಗಿಂತ ಮೊದಲೇ ತಲೆ ಬಾಚಿ ಸಿದ್ಧಳಾಗುತ್ತಿದ್ದಳು. ಸಂಜೆ ಬಂದವಳೇ ಅಪ್ಪನನ್ನು ಒಲೆಯ ಮುಂದಿನಿಂದ ಸರಿಸಿ ತಾನು ನಿಲ್ಲುತ್ತಿದ್ದಳು. ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಸಣ್ಣ ಉರಿಯಲ್ಲಿ ಸುಟ್ಟು ಹಿಸುಕುವುದು, ಈರುಳ್ಳಿಯನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುವುದು, ಮೆಣಸನ್ನು ಬಿಸಿ ಮಾಡಿ ಕುಟ್ಟುವುದು. ಯಾವುದಕ್ಕೂ ಉಪ್ಪಿಲ್ಲ. ಮನೆಮಂದಿಯೇ ಅವಳ ರೋಗಿಗಳು.

"ಹೇಗಿದೆ?" ಎಂದು ಎದುರಿಗೆ ನಿಂತು ಕೇಳುತ್ತಿದ್ದಳು.

"ಚೆನ್ನಾಗಿದೆ" ಎನ್ನುತ್ತಿದ್ದ ಅಪ್ಪ. ಅವಳು ಬೆನ್ನು ತಿರುಗಿಸಿದಾಗ ಅಂಗಿಯ ಜೇಬಿನಿಂದ ಚಿಟಿಕೆ ಉಪ್ಪು ತೆಗೆದು ಉದುರಿಸಿಕೊಳ್ಳುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ.

"ಕಳ್ಳ" ಎಂದಳು ಮಗಳು.

"ನಾನು ಡಿಸ್ಚಾರ್ಜ್ ಆದೆ ಅಂದ್ಕೋ ತಾಯಿ."

ಅಜ್ಜಿ ಮಾತ್ರ ಬೆಳ್ಳುಳ್ಳಿ ಸೂಪನ್ನು ಎರಡನೆಯ ಸಲ ಹಾಕಿಸಿಕೊಂಡು, ಆಸ್ಪತ್ರೆಯಲ್ಲಿ ಇದನ್ನು ಕೊಡುವುದಾದರೆ ತನ್ನನ್ನೂ ಅಲ್ಲೇ ಸೇರಿಸಿ ಎಂದಳು. ಅಮ್ಮ ಯಾವುದನ್ನೂ ಮುಟ್ಟಲಿಲ್ಲ. ಹಸಿವಿಲ್ಲ ಎಂದು ಬ್ರೆಡ್ಡು ತಿಂದು ಮಲಗುತ್ತಿದ್ದಳು. ಮಗಳು ಈ ಕೆಲಸವನ್ನೂ ಬಿಟ್ಟಾಳೆಂಬ ಭಯ ಹೋಗಿ, ಇದನ್ನು ಹಿಡಿದ ರೀತಿಯೇ ಅವಳಿಗೆ ಭಯ ಹುಟ್ಟಿಸುತ್ತಿತ್ತು.

"ಇದನ್ನ ನಿನ್ನ ಪಾತ್ರೆಗೆ ಹಾಕು ಅಮ್ಮ. ಒಂದೇ ಒಂದು ದಿನ."

"ಆ ಪಾತ್ರೆಗೆ ಏನು ಬೀಳಬೇಕು ಅನ್ನೋದು ಮೇಲೆ ತೀರ್ಮಾನ ಆಗುತ್ತೆ."

"ಮೇಲೆ ಅಂದ್ರೆ ಯಾರು?"

"ಪಥ್ಯದ ಮೇಡಂ."

"ಅವರನ್ನ ಕೇಳಿದೀಯಾ ಯಾವತ್ತಾದರೂ?"

"ಕೇಳೋಕೆ ನಾನ್ಯಾರು? ಕೊಟ್ಟಿದ್ದು ಬೇಯಿಸ್ತೀನಿ. ನೀನು ಕೊಟ್ಟಿದ್ದು ತೊಳಿ. ಜಾಸ್ತಿ ಹಾರಾಡಿದರೆ ಇಬ್ಬರನ್ನೂ ಆಚೆ ಹಾಕ್ತಾರೆ, ಆಮೇಲೆ ನಿಮ್ಮಪ್ಪ ಹಾಕೋ ಜಿಪ್ಪಿನ ಮೇಲೆ ಬದುಕೋಣ."

"ನನ್ನ ಜಿಪ್ಪಿನ ಸುದ್ದಿ ಯಾಕೆ" ಎಂದ ಅಪ್ಪ ಮುಂದಿನ ಕೋಣೆಯಿಂದ.

ಗಾಳಿಪಟ ಯಾರನ್ನೂ ಕೇಳಲಿಲ್ಲ. ಊಟದ ಗಾಡಿಯವನಿಗೆ ಮಂಡಿ ನೋವು. ಗಾಡಿ ತಳ್ಳಲು ಕೈ ಕೊಡುತ್ತೇನೆಂದು ಅವಳು ಹೇಳಿದರೆ ಅವನು ಯಾಕೆ ಬೇಡವೆಂದಾನು? ಹಾಗೆ ಅವಳು ಮೇಲೆ ಹೋದಳು. ಉಪ್ಪಿಲ್ಲದ ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಒಬ್ಬ ಬಡಗಿಯಿದ್ದ. ಮೈ ಇಳಿದುಹೋಗಿತ್ತು, ಕೈಗಳು ಮಾತ್ರ ದೊಡ್ಡವಾಗಿಯೇ ಉಳಿದಿದ್ದವು. ಹೆಂಡತಿ ಚಮಚ ಹಿಡಿದು ಕುಳಿತಿದ್ದಳು, ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

"ತಿನ್ನಿ, ಶಕ್ತಿ ಬರುತ್ತೆ" ಎಂದಳು ಹುಡುಗಿ.

"ನೀನು ತಿಂತೀಯಾ ಇದನ್ನ?" ಎಂದ ಬಡಗಿ.

ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ನುಂಗಲು ಕಷ್ಟವಾಯಿತು. ಅವನು ಅದನ್ನು ನೋಡಿ ನಕ್ಕ. ಆ ನಗುವಿನಿಂದಲೇ ಎಲ್ಲ ಶುರುವಾಯಿತು.

ಮರುದಿನ ಅವಳು ಒಂದು ಸಣ್ಣ ಡಬ್ಬಿಯಲ್ಲಿ ಟೊಮೇಟೊವನ್ನು ಬಾಡಿಸಿ ಗಟ್ಟಿ ಮಾಡಿದ ಗೊಜ್ಜು ತೆಗೆದುಕೊಂಡು ಹೋದಳು. ಅದಕ್ಕೆ ಉಪ್ಪು ಹಾಕಿರಲಿಲ್ಲ. ಉಪ್ಪಿನ ಬದಲು ಬಳಸುವ ಒಂದು ಪುಡಿ ಅಂಗಡಿಯಲ್ಲಿ ಸಿಕ್ಕಿತ್ತು. ರಕ್ತದೊತ್ತಡದವರಿಗೆ ಒಳ್ಳೆಯದೆಂದು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿತ್ತು. ಅದನ್ನೇ ಧಾರಾಳವಾಗಿ ಹಾಕಿದ್ದಳು. ಬಡಗಿ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ಸಂಜೆ ಮನೆಗೆ ಬಂದ ಮಗಳ ಮುಖ ನೋಡಿ ಅಪ್ಪ ಯಂತ್ರ ನಿಲ್ಲಿಸಿದ. "ಏನು, ಲಾಟರಿ ಹೊಡೀತಾ?"

ಅವಳು ಹೇಳಿದಳು. ಅಜ್ಜಿ ಹತ್ತಿರ ಕರೆದು ಬೆನ್ನು ಸವರಿದಳು. ಅಮ್ಮನ ಮುಖ ಮಾತ್ರ ಕಪ್ಪಿಟ್ಟಿತು.

"ಯಾರನ್ನ ಕೇಳಿ ಕೊಟ್ಟೆ?"

"ಅವರೇ ಬೇಕು ಅಂದ್ರು. ಉಪ್ಪು ಹಾಕಿಲ್ಲ ಅಮ್ಮ, ಆಣೆ."

"ನಾಳೆಯಿಂದ ಬೇಡ."

"ಒಬ್ಬ ಮನುಷ್ಯ ಊಟ ಮಾಡಿದ. ನಿಂಗೆ ಖುಷಿ ಆಗಲ್ವಾ?"

ಮೇಡಂಗೆ ಹೇಳಿಬಿಡಬೇಕೆಂದು ಅಮ್ಮನಿಗೆ ಒಮ್ಮೆ ಅನಿಸಿತು. ಹೇಳಿದರೆ ಮಗಳ ಕೆಲಸ ಹೋಗುತ್ತದೆ, ಹೇಳದಿದ್ದರೆ ಏನಾಗುತ್ತದೋ. ಹೇಳಲಿಲ್ಲ. ಡಬ್ಬಿ ಮರುದಿನವೂ ಹೋಯಿತು, ಅದರ ಮರುದಿನವೂ.

ಆಮೇಲೊಂದು ಬೆಳಗ್ಗೆ, ಅನ್ನದ ಪಾತ್ರೆ ಇನ್ನೂ ಕುದಿಯುತ್ತಿರುವಾಗ, ಪಥ್ಯದ ಮೇಡಂ ತಾವೇ ನೆಲಮಾಳಿಗೆಗೆ ಇಳಿದು ಬಂದರು. ಇಡೀ ಆಸ್ಪತ್ರೆಗೆ ಪಥ್ಯ ಬರೆಯುವವರು ಅವರೊಬ್ಬರೇ. ಸದಾ ಪಾದ ಊದಿಕೊಂಡಿರುತ್ತಿದ್ದರಿಂದ ಬಟ್ಟೆಯ ಚಪ್ಪಲಿ ಹಾಕುತ್ತಿದ್ದರು. ಅವರು ಬಂದದ್ದು ಯಾರಿಗೂ ಕೇಳಿಸಲಿಲ್ಲ.

"ಮೂಲೆ ಹಾಸಿಗೆಯವರಿಗೆ ಹೊರಗಿನ ಊಟ ಕೊಟ್ಟಿದ್ದು ಯಾರು?"

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಗಾಳಿಪಟ ಕೈ ಒರೆಸಿಕೊಂಡು ಮುಂದೆ ಬಂದಳು.

"ನಾನು, ಮೇಡಂ."

"ಏನು ಹಾಕಿದ್ದೆ ಅದಕ್ಕೆ?"

ಅವಳು ಚೀಲದಿಂದ ಪೊಟ್ಟಣ ತೆಗೆದುಕೊಟ್ಟಳು. ಮೇಡಂ ಹಿಂಬದಿಯ ಸಣ್ಣ ಅಕ್ಷರ ಓದಿ ಕಣ್ಣು ಮುಚ್ಚಿಕೊಂಡರು. ಕೂಗಾಡಲಿಲ್ಲ.

"ಇದರಲ್ಲಿ ಪೊಟ್ಯಾಸಿಯಂ ಇರುತ್ತೆ. ಟೊಮೇಟೋದಲ್ಲೂ ಇರುತ್ತೆ. ನಿನ್ನ ನನ್ನ ಮೈಯಾದರೆ ಹೊರಗೆ ಹಾಕುತ್ತೆ. ಕಿಡ್ನಿ ಕೆಟ್ಟವರ ಮೈಗೆ ಆಗಲ್ಲ, ರಕ್ತದಲ್ಲೇ ಉಳೀತದೆ. ಎದೆ ಬಡಿತ ತಪ್ಪುತ್ತೆ. ಇವತ್ತು ಬೆಳಗ್ಗೆ ಅವರಿಗೆ ಆಗಿದ್ದು ಅದೇ."

"ಬದುಕಿದಾರಾ?" ಎಂದಳು ಹುಡುಗಿ.

"ತೀವ್ರ ನಿಗಾದಲ್ಲಿದಾರೆ. ಡಯಾಲಿಸಿಸ್ ಮಾಡ್ತಿದಾರೆ. ನೀನು ಮನೆಗೆ ಹೋಗು. ಹೇಳಿ ಕಳಿಸೋವರೆಗೂ ಬರಬೇಡ."

ಅಮ್ಮ ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದಳು. ಮಗಳು ಏಪ್ರನ್ ಬಿಚ್ಚಿಟ್ಟು ಮೆಟ್ಟಿಲು ಹತ್ತಿ ಹೋಗುವುದನ್ನು ಅಡುಗೆಮನೆಯವರೆಲ್ಲ ನೋಡಿದರು.

ಆಮೇಲಿನ ದಿನಗಳು ಆ ಮನೆಗೆ ಉಸಿರುಗಟ್ಟಿದ ದಿನಗಳು. ಬಾಗಿಲ ಹೊರಗೆ ಯಾರ ಹೆಜ್ಜೆ ಸದ್ದಾದರೂ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ಅಪ್ಪ ಯಾರದೋ ಪ್ಯಾಂಟಿಗೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ತಲೆಕೆಳಗಾಗಿಯೇ ಹೊಲಿದ. ಅನ್ನದ ತಳ ಹತ್ತಿಸಿದ. ಹತ್ತಿದ ಅನ್ನವನ್ನು ಯಾರೂ ಏನೂ ಅನ್ನದೆ ತಿಂದರು. ಅಜ್ಜಿ ಪ್ರತಿ ಊಟಕ್ಕೂ ಮೊದಲು ಕೇಳುತ್ತಿದ್ದಳು, "ಆ ಮನುಷ್ಯ ಹೇಗಿದಾನಂತೆ?"

"ಹಾಗೇ ಇದಾರಂತೆ" ಎನ್ನುತ್ತಿದ್ದಳು ಅಮ್ಮ. ಊಟದ ಗಾಡಿಯವನು ಮೇಲಿನಿಂದ ತರುತ್ತಿದ್ದ ಸುದ್ದಿ ಅಷ್ಟೇ. ಅಡುಗೆಮನೆಯಲ್ಲಿ ಉಳಿದವರು ಅವಳ ಪಕ್ಕ ಕುಳಿತು ಚಹಾ ಕುಡಿಯುವುದನ್ನು ಬಿಟ್ಟಿದ್ದರು.

ಗಾಳಿಪಟ ಮನೆಯ ಕೆಲಸವನ್ನೆಲ್ಲ ತಲೆಯ ಮೇಲೆ ಹಾಕಿಕೊಂಡಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಒರೆಸಿದ ನೆಲವನ್ನೇ ಒರೆಸಿದಳು. ಒಲೆಯ ಹತ್ತಿರ ಮಾತ್ರ ಹೋಗಲಿಲ್ಲ. ತಟ್ಟೆಯ ಮುಂದೆ ಕುಳಿತರೂ ಎರಡು ತುತ್ತಿಗೇ ಎದ್ದುಬಿಡುತ್ತಿದ್ದಳು.

ಒಂದು ಸಂಜೆ ಅಮ್ಮ ಬಂದು ಚೀಲ ಇಳಿಸುವ ಮೊದಲೇ ಮಾತು ಸಿಡಿಯಿತು.

"ಇಷ್ಟು ವರ್ಷ ಸಪ್ಪೆ ಹಾಕಿದೆ ನಾನು. ಒಪ್ತೀನಿ. ಆದರೆ ನನ್ನ ಊಟದಿಂದ ಯಾರ ಎದೆನೂ ನಿಲ್ಲಲಿಲ್ಲ."

"ನಿನ್ನ ಊಟ ಯಾರು ಮಾಡಿದಾರೆ, ಎದೆ ನಿಲ್ಲೋಕೆ?"

"ನಾಲಿಗೆ ಬಿಗಿ ಹಿಡಿ. ಅಲ್ಲಿ ಒಬ್ಬಳು ತಾಳಿ ಹಿಡ್ಕೊಂಡು ಕೂತಿದಾಳೆ ನಿನ್ನಿಂದ."

ಮಗಳ ಮುಖ ಬಿಳಚಿಕೊಂಡಿತು. ಅಪ್ಪ ಕತ್ತರಿಯನ್ನು ಮೇಜಿನ ಮೇಲೆ ಬಡಿದ. ಅವನು ದನಿ ಎತ್ತಿದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ.

"ಸಾಕು ಮಾಡಿ ಇಬ್ಬರೂ. ಅವಳು ಕೇಳದೆ ಕೊಟ್ಟಳು. ನಿನಗೆ ಗೊತ್ತಿದ್ದೂ ನೀನು ಸುಮ್ಮನಿದ್ದೆ. ಗೊತ್ತಿದ್ದೂ ನಾನು ಖುಷಿಪಟ್ಟೆ. ಯಾರು ಯಾರಿಗೆ ಬೈತೀರಿ ಈಗ?"

ಅಜ್ಜಿ ಎದ್ದು ಎಲ್ಲರಿಗೂ ನೀರು ತಂದುಕೊಟ್ಟಳು.

ಮರುದಿನ ಊಟದ ಗಾಡಿಯವನು ಕೆಳಗೆ ಬಂದು, "ಇವತ್ತು ಸುದ್ದಿ ಏನೂ ಸಿಗಲಿಲ್ಲ ಅಕ್ಕ. ಆ ಹಾಸಿಗೆ ಇನ್ನೂ ಖಾಲಿ ಇದೆ" ಎಂದ. ಖಾಲಿ ಎಂದರೆ ಏನರ್ಥ? ಅವನನ್ನು ಮತ್ತೆ ಕಳಿಸುವ ತಾಳ್ಮೆ ಅಮ್ಮನಿಗೆ ಇರಲಿಲ್ಲ. ಒಂದು ತಟ್ಟೆಗೆ ತಾನು ಬೇಯಿಸಿದ್ದನ್ನೇ ಬಡಿಸಿ, ಮುಚ್ಚಿ, ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬರಿಗೈಯಲ್ಲಿ ಹೋದರೆ ಯಾರಾದರೂ ತಡೆಯುತ್ತಾರೆಂಬ ಭಯ. ಉಪ್ಪಿಲ್ಲದ ವಾರ್ಡಿಗೆ ಹೋಗಲು ಒಬ್ಬ ದಾದಿ ಅವಳಿಗೆ ದಾರಿ ತೋರಿಸಬೇಕಾಯಿತು. ಬಡಗಿ ಬದುಕಿದ್ದ. ಆಗಷ್ಟೇ ತೀವ್ರ ನಿಗಾದಿಂದ ತಂದು ಬಾಗಿಲ ಬಳಿಯ ಹಾಸಿಗೆಯಲ್ಲಿ ಮಲಗಿಸಿದ್ದರು. ಅಮ್ಮ ಗೋಡೆ ಹಿಡಿದು ನಿಂತಳು.

"ನಾನು ಅಡುಗೆಯವಳು" ಎಂದಳು. "ಆ ಹುಡುಗಿಯ ತಾಯಿ."

ಬಡಗಿಯ ಹೆಂಡತಿ ಎದ್ದು ನಿಂತಳು. "ಇಲ್ಲಿಗೆ ಬರೋಕೆ ಮುಖ ಹೇಗೆ ಬಂತು ನಿಮಗೆ? ಕೈಯಾರೆ ತಿನ್ನಿಸಿದೆ ನಾನು. ಚೆನ್ನಾಗಿದೆಯಾ ಅಂತ ಕೇಳಿ ಕೇಳಿ ತಿನ್ನಿಸಿದೆ."

"ಬೈರಿ. ಬೈಸಿಕೊಳ್ಳೋಕೇ ಬಂದಿದೀನಿ."

ಅವಳು ಬೈದಳು. ಬಹಳ ಹೊತ್ತು ಬೈದಳು, ಕೊನೆಗೆ ಅತ್ತಳು. ಬಡಗಿ ಮಲಗಿದ್ದಲ್ಲಿಂದಲೇ ಕೈ ಎತ್ತಿದ.

"ಹುಡುಗಿ ಹೇಗಿದಾಳೆ?"

"ಮನೇಲಿದಾಳೆ. ಊಟ ಬಿಟ್ಟಿದಾಳೆ."

"ನನ್ನ ಹಾಗೆ" ಎಂದ ಬಡಗಿ. ಸ್ವಲ್ಪ ಉಸಿರು ತೆಗೆದುಕೊಂಡ. "ಅವಳು ಕೊಟ್ಟಿದ್ದು ತಿಂದ್ರೆ ಸಾಯ್ತೀನಂತೆ. ನೀವು ಕೊಡೋದು ತಿನ್ನೋಕಾಗಲ್ಲ. ನಾನೇನು ಮಾಡ್ಲಿ ಹೇಳಿ."

ಅಮ್ಮ ತಟ್ಟೆಯ ಮುಚ್ಚಳ ತೆಗೆದಳು. ಸೂಪಿನ ಮೇಲೆ ಕೆನೆಗಟ್ಟಿತ್ತು. ಬೀನ್ಸು ಬೂದು ಬಣ್ಣಕ್ಕೆ ತಿರುಗಿತ್ತು. ಅನ್ನ ತಣ್ಣಗಾಗಿ ಒಂದೇ ಗಟ್ಟಿಯಾಗಿತ್ತು. ಒಲೆಯಿಂದ ಇಳಿಸುವಾಗ ಬಿಸಿಯಾಗಿ, ಹಬೆಯಾಡುತ್ತಾ, ಊಟದ ಹಾಗೇ ಕಾಣುತ್ತಿದ್ದುದು ಇಲ್ಲಿಗೆ ಬರುವ ಹೊತ್ತಿಗೆ ಇದಾಗಿತ್ತು. ಚಮಚದಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ಅಕ್ಕಪಕ್ಕದ ಹಾಸಿಗೆಗಳವರು ಅವಳನ್ನೇ ನೋಡುತ್ತಿದ್ದರು.

ಅಲ್ಲಿಂದ ನೇರ ಪಥ್ಯದ ಮೇಡಂ ಕೋಣೆಗೆ ಹೋದಳು. ಮೇಡಂ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು.

"ಮೇಡಂ, ಆ ವಾರ್ಡಿಗೆ ಬೆಳ್ಳುಳ್ಳಿ ಹಾಕಬಹುದಾ?"

ಮೇಡಂ ಕಾಲು ಇಳಿಸಿದರು. "ಹಾಕಬಹುದು."

"ಮೆಣಸು?"

"ಹಾಕಬಹುದು, ಅಳತೆಯಲ್ಲಿ. ಹುರಿದ ಈರುಳ್ಳಿನೂ ಸ್ವಲ್ಪ ಆಗುತ್ತೆ. ಟೊಮೇಟೊ ಬೇಡ. ಆ ಪುಡಿ ಹತ್ತಿರನೂ ತರಬೇಡಿ. ತರಕಾರಿ ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಕೂತ್ಕೊಳ್ಳಿ, ಒಂದೊಂದಾಗಿ ಹೇಳ್ತೀನಿ." ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿದರು. "ನಾನು ಬಂದಾಗಿನಿಂದ ಕೆಳಗಿನಿಂದ ಯಾರೂ ಬಂದು ಕೇಳಿರಲಿಲ್ಲ. ನಾನೂ ಕೆಳಗೆ ಬಂದು ಹೇಳಲಿಲ್ಲ, ಬಿಡಿ. ಕಾಲು ನೋವು ಅಂತ ಒಂದು ನೆಪ."

ಅಮ್ಮ ಸೀರೆಯ ಅಂಚು ಹಿಡಿದುಕೊಂಡೇ ಕೇಳಿದಳು. "ನನ್ನ ಮಗಳು?"

"ತೆಗೆದುಹಾಕಬೇಕು ಅಂತಲೇ ಇದ್ದೆ. ಆ ಮನುಷ್ಯ ಉಳಿಯದೆ ಹೋಗಿದ್ದರೆ ನಮ್ಮಿಬ್ಬರ ಕೈಯಲ್ಲೂ ಏನೂ ಇರುತ್ತಿರಲಿಲ್ಲ." ಮೇಡಂ ಬಿಸ್ಕತ್ತಿನ ಪುಡಿ ಒರೆಸಿದರು. "ತಟ್ಟೆ ತೊಳೆಯೋಕೆ ಬರಲಿ. ವಾರ್ಡಿಗೆ ಕಾಲಿಡಬಾರದು. ಅವಳ ಕೈಯಿಂದ ರೋಗಿಗೆ ನೇರವಾಗಿ ಒಂದು ಲೋಟ ನೀರೂ ಹೋಗಬಾರದು."

ಈ ಸುದ್ದಿಗೆ ಮಗಳು ಕುಣಿದಾಡುತ್ತಾಳೆ ಎಂದುಕೊಂಡು ಅಮ್ಮ ಆ ಸಂಜೆ ಮನೆಯ ಮೆಟ್ಟಿಲುಗಳನ್ನು ಬೇಗ ಬೇಗ ಹತ್ತಿದಳು. ಗಾಳಿಪಟ ಬಟ್ಟೆ ಮಡಿಸುತ್ತಿದ್ದಳು. ಬಡಗಿ ಬದುಕಿದ್ದಾನೆಂದು ಕೇಳಿ ಮಡಿಸಿದ ಬಟ್ಟೆಯ ಮೇಲೆ ಮುಖವಿಟ್ಟು ಬಹಳ ಹೊತ್ತು ಹಾಗೇ ಕುಳಿತಳು. ಕೆಲಸದ ಸುದ್ದಿ ಕೇಳಿ ತಲೆಯಲ್ಲಾಡಿಸಿದಳು.

"ನಾನು ಹೋಗಲ್ಲ."

"ಯಾಕೆ?"

"ಬಟ್ಟೆ ಅಂಗಡಿಯವರು ಮತ್ತೆ ಕರೀತಾರೆ. ಅಲ್ಲಿ ಮಡಿಸೋದು ತಪ್ಪಾದರೆ ಯಾರೂ ಸಾಯಲ್ಲ."

"ಅದು ನಿಂಗೆ ಇಷ್ಟ ಇಲ್ವಲ್ಲೇ."

"ಇಷ್ಟಪಟ್ಟು ಮಾಡಿದ್ದಕ್ಕೇ ಅಲ್ವಾ ಹೀಗಾಗಿದ್ದು? ಇನ್ಮೇಲೆ ನಿನ್ನ ಹಾಗೆ ಇರ್ತೀನಿ. ಹೇಳಿದ್ದು ಮಾಡೋದು, ಬಸ್ಸು ಹಿಡಿಯೋದು."

ಒಂದು ತಿಂಗಳ ಹಿಂದೆ ಮಗಳ ಬಾಯಿಂದ ಈ ಮಾತು ಬಂದಿದ್ದರೆ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಈಗ ಅವಳ ಕೆನ್ನೆಗೆ ಹೊಡೆದಂತಾಯಿತು. ಅಪ್ಪ ಬಾಗಿಲಲ್ಲಿ ಬಂದು ನಿಂತ. ಅಜ್ಜಿ ಕಿವಿ ಈ ಕಡೆ ಕೊಟ್ಟಳು.

"ನನ್ನ ಹಾಗೆ ಬೇಡ" ಎಂದಳು ಅಮ್ಮ. "ನಾನು ಇವತ್ತು ನನ್ನ ಅಡುಗೆ ತಿಂದು ಬಂದೆ. ಆ ವಾರ್ಡಿನಲ್ಲೇ ನಿಂತು. ಅದನ್ನ ಇಷ್ಟು ವರ್ಷ ಜನರ ಮುಂದೆ ಇಟ್ಟೆ ನಾನು. ನೀನು ಮನಸ್ಸಿಟ್ಟಿದ್ದು ತಪ್ಪಲ್ಲ ಮಗಳೇ. ಗೊತ್ತಿಲ್ಲದ್ದನ್ನ ಕೇಳಲಿಲ್ಲ, ಅದು ತಪ್ಪು. ಅಷ್ಟೊಂದು ಇಷ್ಟ ಇದ್ದರೆ ಮೆಟ್ಟಿಲು ಹತ್ತಿ ಹೋಗಿ ಕೇಳೋಕೆ ಏನು ಕಷ್ಟ?"

"ನೀನೂ ಕೇಳಿರಲಿಲ್ಲ."

"ಇಲ್ಲ. ನಂಗೆ ಇಷ್ಟನೂ ಇರಲಿಲ್ಲ, ಅದಕ್ಕೆ ಕೇಳಲಿಲ್ಲ. ಇವತ್ತು ಕೇಳಿ ಬಂದೆ."

ಅವಳು ಕೈಚೀಲ ಗೋಡೆಗೆ ನೇತುಹಾಕಿ ಅಡುಗೆಮನೆಗೆ ಹೋದಳು. ಆ ಒಲೆಯನ್ನು ಅವಳು ಹೊತ್ತಿಸಿ ಎಷ್ಟು ಕಾಲವಾಗಿತ್ತೆಂದರೆ ಲೈಟರ್ ಎಲ್ಲಿದೆಯೆಂದು ಗಂಡನನ್ನು ಕೇಳಬೇಕಾಯಿತು. ಬೆಳ್ಳುಳ್ಳಿ ಬಾಣಲೆಗೆ ಹಾಕಿದಳು. ಉರಿ ದೊಡ್ಡದಾಗಿತ್ತು, ಸಿಪ್ಪೆ ಸಿಡಿದು ಕಪ್ಪಾಯಿತು.

"ಹೀಗೇನಾ ನೀನು ಮಾಡ್ತಿದ್ದಿದ್ದು?"

ಮಗಳು ಬಟ್ಟೆ ಮಡಿಸುತ್ತಲೇ ಇದ್ದಳು.

"ಕರಟಿ ಹೋಯ್ತು" ಎಂದ ಅಪ್ಪ.

"ನೀವು ಸುಮ್ನಿರಿ. ನಿಮ್ಮ ಅನ್ನದಷ್ಟು ಕರಟಿಲ್ಲ."

ಅಜ್ಜಿ ಸದ್ದಿಲ್ಲದೆ ನಕ್ಕಳು. ಎರಡನೆಯ ಹಿಡಿ ಬೆಳ್ಳುಳ್ಳಿಯೂ ಕಪ್ಪಾಗತೊಡಗಿದಾಗ ಗಾಳಿಪಟ ಎದ್ದು ಬಂದು ಉರಿ ಸಣ್ಣ ಮಾಡಿದಳು. "ಅವಸರ ಮಾಡಬಾರದು" ಎಂದಳು, ಅಮ್ಮನ ಮುಖ ನೋಡದೆ. "ಒಂದೊಂದಾಗಿ ತಿರುವಬೇಕು."

ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅಡುಗೆಮನೆಯವರು ಗಾಳಿಪಟದ ಜೊತೆ ಮಾತಾಡಲಿಲ್ಲ. ಅವಳೂ ತಲೆ ಎತ್ತದೆ ತಟ್ಟೆ ತೊಳೆದಳು. ತೊಳೆಯುವಾಗ ಒಂದು ಲೋಟ ಕೈಜಾರಿ ಬಿದ್ದಾಗ ಬೆಚ್ಚಿ ಸುತ್ತ ನೋಡಿದಳು. ಅಮ್ಮ ಒಲೆಯ ಮೇಲೆ ಬೀನ್ಸು ಬೇಯಿಸಿ, ನೀರು ಚೆಲ್ಲಿ, ಸುಟ್ಟ ಬೆಳ್ಳುಳ್ಳಿ ಹಿಸುಕಿ ಹಾಕಿದಳು. ರುಚಿ ನೋಡಿದಳು. ಏನೋ ಸಾಲದು. ಏನೆಂದು ತಿಳಿಯಲಿಲ್ಲ.

"ಇಲ್ಲಿ ಬಾ" ಎಂದಳು.

"ನಾನು ಮುಟ್ಟೋ ಹಾಗಿಲ್ಲ."

"ರೋಗಿಯ ಹತ್ತಿರ ಹೋಗೋ ಹಾಗಿಲ್ಲ ಅಂದಿದ್ದು. ನನ್ನ ಹತ್ತಿರ ಬರಬಹುದು. ನೋಡು ಇದನ್ನ."

ಮಗಳು ಕೈ ಒರೆಸಿಕೊಂಡು ಬಂದಳು. ಚಮಚದಲ್ಲಿ ಒಂದಿಷ್ಟು ತೆಗೆದಳು. ಆಮೇಲೆ ನಾಲಿಗೆಯ ತುದಿಗೆ ತಾಗಿಸಿಕೊಂಡಳು.

"ಹುಳಿ ಬೇಕು. ಸ್ವಲ್ಪ ನಿಂಬೆರಸ." ಹೇಳಿದವಳೇ ಹಿಂದಕ್ಕೆ ಸರಿದಳು. "ಬೇಡ. ನಂಗೊತ್ತಿಲ್ಲ. ಅದೂ ಆಗಬಾರದೋ ಏನೋ."

"ನಿಂಬೆ ನಾನು ಕೇಳಲಿಲ್ಲ" ಎಂದಳು ಅಮ್ಮ. "ಹೋಗಿ ಕೇಳಿ ಬಾ. ಮೇಡಂ ಕೋಣೆ ಮೆಟ್ಟಿಲು ಹತ್ತಿದ ತಕ್ಷಣ ಎಡಗಡೆ."

"ಬೈದ್ರೆ?"

"ಬೈಸಿಕೊಂಡು ಬಾ. ಆದರೆ ಕೇಳಿಕೊಂಡೇ ಬಾ."

ಗಾಳಿಪಟ ಏಪ್ರನ್ ಸರಿಮಾಡಿಕೊಂಡು, ಎರಡು ಹೆಜ್ಜೆ ನಿಧಾನವಾಗಿ ನಡೆದು, ಆಮೇಲೆ ಓಡಿದಳು. ಅಮ್ಮ ಉರಿ ಸಣ್ಣ ಮಾಡಿ ಪಾತ್ರೆಗೆ ಮುಚ್ಚಳ ಹಾಕಿದಳು. ಊಟದ ಗಾಡಿಯವನು ಬಾಗಿಲಿಗೆ ಗಾಡಿ ತಂದು ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದ.

"ತಡ ಆಯ್ತು ಅಕ್ಕ. ಕೊಡು, ಹೋಗ್ತೀನಿ."

"ನಿಲ್ಲಪ್ಪ" ಎಂದಳು ಅಮ್ಮ, ಮೆಟ್ಟಿಲುಗಳ ಕಡೆಯಿಂದ ಕಣ್ಣು ತೆಗೆಯದೆ. "ನನ್ನ ಮಗಳು ಕೇಳೋಕೆ ಹೋಗಿದಾಳೆ."